ಯವನ ಪುರಾಣಗಳೂ ಈಚಿನ ಕಾದಂಬರಿಗಳೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಕೆಲವರು ತಮ್ಮ ಹೆಣ್ಣುಮಕ್ಕಳೊಡನೆ ಕರಿಘಟ್ಟಕ್ಕೆ ಹೋಗಿದ್ದ ದಿವಸ ನಡೆದ ಒಂದು ಸಂಭಾಷಣೆಯೇ ಈ ಲೇಖನಕ್ಕೆ ಕಾರಣವಾಯಿತು. ಮೆಟ್ಟಿಲುಗಳನ್ನೇರಿ ಮೇಲೆ ಕುಳಿತು, ಕೆಳಗೆ ಲೋಕಪಾವನಿಯು ಕಾವೇರಿಯನ್ನು ಸೇರಲು ಹರಿದುಹೋಗುವುದನ್ನು ನೋಡುತ್ತಿರುವಾಗ, ತಾಯಿಯೊಬ್ಬರು ನಮ್ಮೊಡನೆ ಹೀಗೆ ಹೇಳಿಕೊಂಡರು: “ನನ್ನ ಮಗಳು ಹಗಲೂ ರಾತ್ರಿಯೂ ಗ್ರೀಕರ ದೇವತೆಗಳ ಕಥೆಗಳಿರುವ ಇಂಗ್ಲಿಷ್ ಕಾದಂಬರಿಗಳನ್ನೇ ಓದುತ್ತಾಳೆ. ಅವುಗಳಲ್ಲಿ ಮಾಟಗಾತಿಯೇ ನಾಯಕಿ, ವೀರರೆನಿಸಿಕೊಂಡವರೆಲ್ಲ ಕ್ರೂರಿಗಳು. ಇಂಥವನ್ನು ಓದಗೊಡಬಹುದೆ?” ಆಗ ನಾವು ಕೊಟ್ಟ ಉತ್ತರವು ಅರ್ಧ ಉತ್ತರವಾಗಿತ್ತು. ಉಳಿದರ್ಧವನ್ನು ಈ ಸಂಚಿಕೆಯ ಮೂಲಕ ಆ ತಾಯಿಗೂ, ಅವರಂತೆಯೇ ಯೋಚಿಸುತ್ತಿರಬಹುದಾದ ಇತರ ತಂದೆತಾಯಿಗಳಿಗೂ ಸಲ್ಲಿಸಲು ಅಪೇಕ್ಷಿಸುತ್ತೇವೆ.

ಮೊದಲು ಈ ಕಾದಂಬರಿಗಳು ಎಂಥವೆಂಬುದನ್ನು ಹೇಳಬೇಕು. ಗ್ರೀಕರ ಆದಿಕವಿಯೆನಿಸಿದ ಹೋಮರನ ಹೆಸರಿನಲ್ಲಿ ಎರಡು ಮಹಾಕಾವ್ಯಗಳುಂಟು. ‘ಇಲಿಯಡ್’ ಎಂಬುದು ಟ್ರಾಯ್ ನಗರದ ಯುದ್ಧದಲ್ಲಿ ಅಖಿಲೀಸನೆಂಬ ವೀರನ ಕೋಪದ ಕಥೆ; ‘ಒಡಿಸ್ಸಿ’ ಎಂಬುದು ಆ ಯುದ್ಧದಿಂದ ಒಡಿಸ್ಸಿಯಸ್ ಎಂಬ ಅರಸನು ಸಮುದ್ರದಲ್ಲಿ ಅಲೆದು, ಇಪ್ಪತ್ತನೆಯ ವರ್ಷ ಮನೆ ಸೇರಿದ ಕಥೆ. ಈಚಿನ ಕಾದಂಬರಿಗಳು ಬಹುಮಟ್ಟಿಗೆ ಈ ಎರಡು ಕಾವ್ಯಗಳನ್ನೂ, ಅವುಗಳ ಸುತ್ತ ಬೆಳೆದ ಪುರಾಣಗಳನ್ನೂ ಆಶ್ರಯಿಸಿವೆ. ಮಾರ್ಗರೆಟ್ ಅಟ್‌ವುಡ್ ಎಂಬ ಕೆನಡಾ ದೇಶದ ಲೇಖಕಿಯ ‘ದಿ ಪೆನೆಲೊಪಿಯಾಡ್’ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಡಿಸ್ಸಿಯಸನ ಪತ್ನಿಯಾದ ಪೆನೆಲೊಪಿಯು ಸತ್ತವರ ಲೋಕದಿಂದ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಪ್ರೌಢಶಾಲೆಗಳಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಕಲಿಸುತ್ತಿದ್ದ ಅಮೆರಿಕದ ಮ್ಯಾಡೆಲಿನ್ ಮಿಲ್ಲರ್ ಎಂಬವರು 2011ರಲ್ಲಿ ಅಖಿಲೀಸನ ಕಥೆಯನ್ನು ಅವನ ಗೆಳೆಯ ಪೆಟ್ರೊಕ್ಲಸನ ಬಾಯಿಂದ ಹೇಳಿಸಿ, ಮರುವರ್ಷ ಲೇಖಕಿಯರಿಗಾಗಿ ಇಂಗ್ಲೆಂಡಿನಲ್ಲಿ ಕೊಡುವ, ಆಗ ಆರೆಂಜ್ ಎಂಬ ಹೆಸರಿದ್ದ ಬಹುಮಾನವನ್ನು ಪಡೆದರು. ಅವರ ‘ಸರ್ಸಿ’ 2018ರದು. ಅದೇ ವರ್ಷ ಇಂಗ್ಲೆಂಡಿನ ಪ್ಯಾಟ್ ಬಾರ್ಕರ್ ಎಂಬವರ ‘ದಿ ಸೈಲೆನ್ಸ್ ಆಫ್ ದಿ ಗರ್ಲ್ಸ್’ ಹೊರಬಂದಿತು. ನ್ಯಾಟಲಿ ಹೇನ್ಸ್, ಜೆನಿಫರ್ ಸೇಂಟ್ ಮೊದಲಾದವರು ಇದೇ ದಾರಿಯಲ್ಲಿ ನಡೆದಿದ್ದಾರೆ.

ಇವುಗಳ ರೀತಿಯು ಸ್ಥೂಲವಾಗಿ ಒಂದೇ. ಹಳೆಯ ಕಾವ್ಯದಲ್ಲಿ ಮಾತಿಲ್ಲದೆ ನಿಂತಿದ್ದವರನ್ನು, ಅಥವಾ ಒಂದೆರಡು ಮಾತುಗಳನ್ನಾಡಿ ಮರೆಯಾದವರನ್ನು, ಕಥೆಯ ನಡುಮನೆಗೆ ಕರೆತಂದು ಕೂರಿಸಿ, “ಈಗ ನೀನು ಹೇಳು” ಎನ್ನುವುದು. ಒಡಿಸ್ಸಿಯ ಹತ್ತನೆಯ ಸಂಧಿಯಲ್ಲಿ ಸರ್ಸಿಯು ನಾವಿಕರನ್ನು ಹಂದಿಗಳನ್ನಾಗಿ ಮಾಡುವ ಮಾಯಾವಿನಿ, ಅಷ್ಟೇ. ಮಿಲ್ಲರರ ಕಾದಂಬರಿಯಲ್ಲಾದರೊ ಆಕೆ ಸೂರ್ಯದೇವನ ಮಗಳಾಗಿದ್ದರೂ ತಂದೆಯ ಅರಮನೆಯಲ್ಲಿ ಎಲ್ಲರಿಂದ ಹಾಸ್ಯಕ್ಕೊಳಗಾದವಳು. ದ್ವೀಪವೊಂದಕ್ಕೆ ಗಡೀಪಾರಾಗಿ, ಬೇರುಗಳನ್ನೂ ಎಲೆಗಳನ್ನೂ ಅರೆದು ತಪ್ಪುತ್ತ ತಿದ್ದುತ್ತ ವಿದ್ಯೆಯನ್ನು ಸಂಪಾದಿಸಿದವಳು. ಆಶ್ರಯ ಕೇಳಿ ಬಂದ ನಾವಿಕರಿಂದ ಒಮ್ಮೆ ಘೋರವಾದ ಅನ್ಯಾಯವುಂಟಾದ ಮೇಲೆಯೇ ಆಕೆ ಹಂದಿಯ ಮಂತ್ರವನ್ನು ಹಿಡಿಯುವುದು. ಇಲಿಯಡ್ಡಿನ ಜಗಳವೆಲ್ಲ ಬ್ರಿಸೀಸ್ ಎಂಬ ಸೆರೆಯಾಳಿಗಾಗಿ; ಆದರೆ ಇಪ್ಪತ್ತನಾಲ್ಕು ಸಂಧಿಗಳ ಕಾವ್ಯದಲ್ಲಿ ಆಕೆ ಬಾಯಿ ಬಿಡುವುದು ಒಂದೇ ಸಲ, ಹತ್ತೊಂಬತ್ತನೆಯ ಸಂಧಿಯಲ್ಲಿ, ಪೆಟ್ರೊಕ್ಲಸನ ಶವದ ಮುಂದೆ ಅಳುವಾಗ. ತನ್ನ ಗಂಡನೂ ಮೂವರು ಸಹೋದರರೂ ಒಂದೇ ದಿನ ಮಡಿದರೆಂದು ಆಕೆ ಅಲ್ಲಿ ಹೇಳುತ್ತಾಳೆ. ಬಾರ್ಕರರ ಗ್ರಂಥವು ಬಹುಪಾಲು ಆ ಒಂದು ಅಳುವಿನ ವಿಸ್ತಾರವೆನ್ನಬಹುದು. ಹೋಮರನು ಆಕೆಯನ್ನು ಪೂರ್ತಿಯಾಗಿ ಮೂಕಳನ್ನಾಗಿಸಲಿಲ್ಲವೆಂಬುದನ್ನೂ ನಾವು ನ್ಯಾಯವಾಗಿ ಒಪ್ಪಬೇಕು. ಬೀಜವು ಅವನಲ್ಲಿಯೇ ಇತ್ತು.

ಈ ಬಗೆಯ ಓದಿನಲ್ಲಿ ಏನು ಅಡಗಿದೆಯೆಂಬುದನ್ನು ಒಂದೇ ಪ್ರಸಂಗದಿಂದ ವಿವರಿಸುತ್ತೇವೆ. ಒಡಿಸ್ಸಿಯ ಇಪ್ಪತ್ತೆರಡನೆಯ ಸಂಧಿಯಲ್ಲಿ ಅರಸನು ತನ್ನ ಮನೆಯನ್ನು ಮುತ್ತಿದ್ದ ವಿವಾಹಾರ್ಥಿಗಳನ್ನೆಲ್ಲ ಕೊಂದ ಮೇಲೆ, ಮನೆಯ ಐವತ್ತು ಮಂದಿ ದಾಸಿಯರಲ್ಲಿ ಹನ್ನೆರಡು ಮಂದಿ ಆ ಶತ್ರುಗಳ ಸಂಗದಲ್ಲಿದ್ದರೆಂದು ಮುದುಕಿಯಾದ ದಾದಿಯು ತಿಳಿಸುತ್ತಾಳೆ. ಆ ಹನ್ನೆರಡು ಮಂದಿಯಿಂದಲೇ ಹೆಣಗಳನ್ನು ಹೊರಿಸಿ, ರಕ್ತವಾದ ನೆಲವನ್ನೂ ಮೇಜುಗಳನ್ನೂ ತೊಳೆಸಿ, ಬಳಿಕ ರಾಜಕುಮಾರನಾದ ಟೆಲಿಮೆಕಸನು ಹಡಗಿನ ಹಗ್ಗವನ್ನು ಕಟ್ಟಿ ಅವರನ್ನು ಸಾಲಾಗಿ ನೇಣುಹಾಕುತ್ತಾನೆ. ಪೆನೆಲೊಪಿಯು ಆ ಹೊತ್ತು ಮಹಡಿಯ ಮೇಲೆ ನಿದ್ರಿಸುತ್ತಿದ್ದಾಳೆ. ಕಾವ್ಯವು ಮುಂದೆ ಸಾಗುತ್ತದೆ. ಅಟ್‌ವುಡ್ ಅವರ ಕಾದಂಬರಿಯಲ್ಲಿ ಆ ಹನ್ನೆರಡು ಮಂದಿ ಮತ್ತೆ ಮತ್ತೆ ಮೇಳವಾಗಿ ಬಂದು ಮಾತಾಡುತ್ತಾರೆ. ದಾಸಿಯರು ಒಡೆಯರ ಮನೆಯಲ್ಲಿ ಬಲಿಷ್ಠರಿಗೆ ‘ಇಲ್ಲ’ವೆನ್ನಬಲ್ಲವರಾಗಿದ್ದರೆ? ಅವರದು ದ್ರೋಹವೆ, ಅಥವಾ ನಿರುಪಾಯವೆ? 2017ರಲ್ಲಿ ಎಮಿಲಿ ವಿಲ್ಸನ್ ಎಂಬ ವಿದುಷಿಯ ಒಡಿಸ್ಸಿಯ ಇಂಗ್ಲಿಷ್ ಭಾಷಾಂತರವು ಪ್ರಕಟವಾದಾಗಲೂ ಈ ಭಾಗವೇ ವಿಶೇಷ ಚರ್ಚೆಗೆ ಬಂದಿತು. ಹಿಂದಿನ ಕೆಲವು ಪ್ರಸಿದ್ಧ ಭಾಷಾಂತರಕಾರರು ಟೆಲಿಮೆಕಸನ ಬಾಯಲ್ಲಿ ಆ ದಾಸಿಯರನ್ನು ಕುರಿತು ಹೀನವಾದ ಬೈಗಳನ್ನು ಹಾಕಿದ್ದರು. ಮೂಲದ ಗ್ರೀಕಿನಲ್ಲಿ ಅಲ್ಲಿರುವುದು ಸುಮ್ಮನೆ ‘ಅವರು’ ಎಂಬರ್ಥದ ಸ್ತ್ರೀಲಿಂಗ ಶಬ್ದವೆಂಬುದನ್ನು ಆಕೆ ತೋರಿಸಿಕೊಟ್ಟರು. ಒಂದು ಬೈಗಳು ಸೇರಿದ ಮಾತ್ರಕ್ಕೆ ಹನ್ನೆರಡು ಕೊಲೆಗಳು ಓದುಗನ ಮನಸ್ಸಿನಲ್ಲಿ ಶಿಕ್ಷೆಯಾಗಿ ಮಾರ್ಪಟ್ಟವು.

ನಾವು ಬೆಟ್ಟದ ಮೇಲೆ ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ, ಅಲ್ಲಿಯೇ ಕುಳಿತಿದ್ದ ಆ ಮಗಳು, ಇನ್ನೂ ಹದಿನಾರು ತುಂಬದವಳು, ಒಂದು ಪ್ರಶ್ನೆಯನ್ನು ಕೇಳಿದಳು: “ನಮ್ಮ ಕಥೆಗಳಲ್ಲಿಯೂ ಹಾಗೆ ಹೆಸರಿಲ್ಲದೆ ಸತ್ತವರಿದ್ದಾರೆಯೆ?” ತಾಯಿಯು ಮಗಳನ್ನು ನೋಡಿದರು, ನಾವು ಪಾಂಡವಪುರದ ದಿಕ್ಕನ್ನು ನೋಡಿದೆವು. ಆ ಊರಿನ ಬಳಿಯ ಕುಂತಿಬೆಟ್ಟವನ್ನು ಅರಿಯದವರು ನಮ್ಮಲ್ಲಿ ಯಾರು? ವನವಾಸದ ಕಾಲದಲ್ಲಿ ಕುಂತಿಯು ತನ್ನ ಐವರು ಮಕ್ಕಳೊಡನೆ ಅಲ್ಲಿ ವಾಸಿಸಿದ್ದಳೆಂದು ಸುತ್ತಲಿನ ಜನರು ಹೇಳುತ್ತಾರೆ. ನಾವೆಲ್ಲರೂ ಬಾಲ್ಯದಲ್ಲಿ ಆ ಕಥೆಯನ್ನು ಕೇಳಿದವರೇ. ಆದರೆ ಅದೇ ಮಹಾಭಾರತದ ಆದಿಪರ್ವದಲ್ಲಿ, ವಾರಣಾವತದ ಅರಗಿನ ಮನೆಗೆ ಬೆಂಕಿ ಬಿದ್ದ ರಾತ್ರಿ, ಕುಂತಿಯು ಕೊಟ್ಟ ಊಟಕ್ಕೆ ಬಂದಿದ್ದ ಒಬ್ಬ ನಿಷಾದಸ್ತ್ರೀಯೂ ಅವಳ ಐವರು ಮಕ್ಕಳೂ ಪಾನಮತ್ತರಾಗಿ ಒಳಗೆ ಮಲಗಿದ್ದರು. ಮನೆ ಸುಟ್ಟಿತು, ಪಾಂಡವರು ಸುರಂಗದಿಂದ ಪಾರಾದರು, ಬೂದಿಯಲ್ಲಿ ದೊರೆತ ಆರು ಹೆಣಗಳನ್ನು ಕುಂತಿಯೂ ಪಾಂಡವರೂ ಎಂದು ಲೋಕವು ನಂಬಿತು. ಆ ತಾಯಿಗೆ ಹೆಸರಿಲ್ಲ, ಮಕ್ಕಳಿಗೂ ಇಲ್ಲ. ಇಷ್ಟು ವರ್ಷ ತರಗತಿಯಲ್ಲಿ ಅರಗಿನ ಮನೆಯ ಕಥೆಯನ್ನು ಹೇಳಿದ ನಾವು ಆ ಆರು ಮಂದಿಯನ್ನು ಒಮ್ಮೆಯಾದರೂ ಮಕ್ಕಳ ಗಮನಕ್ಕೆ ತಂದಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳದೆ ವಿಧಿಯಿಲ್ಲ. ಬಂಗಾಳದ ಮಹಾಶ್ವೇತಾದೇವಿಯವರು ಇದನ್ನೇ ವಸ್ತುವಾಗಿಟ್ಟುಕೊಂಡು, ವೃದ್ಧೆಯಾದ ಕುಂತಿಯನ್ನು ಕಾಡಿನಲ್ಲಿ ಆ ನಿಷಾದ ಕುಟುಂಬದ ಹೆಂಗಸೊಬ್ಬಳು ಎದುರುಗೊಳ್ಳುವ ಕಥೆಯನ್ನು ಬರೆದಿದ್ದಾರೆ.

ಗ್ರೀಕರ ಹನ್ನೆರಡು ದಾಸಿಯರ ಕಥೆಯನ್ನು ಓದದಿದ್ದರೆ ಆ ಹುಡುಗಿಗೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಹೊಸ ಕಾದಂಬರಿಗಳ ಮುಖ್ಯವಾದ ಪ್ರಯೋಜನವು ಇದೇ: ಅವು ದೂರದ ಕಥೆಯಿಂದ ಕಣ್ಣನ್ನು ತೆರೆಸಿ, ಹತ್ತಿರದ ಕಥೆಯನ್ನು ಮತ್ತೆ ಓದಿಸುತ್ತವೆ. ಆದರೆ ಅದಕ್ಕೆ ಒಂದು ನಿಬಂಧನೆಯುಂಟು. ಮರುಕಥನವೆಂಬುದು ಒಂದು ಉತ್ತರ. ಪ್ರಶ್ನೆಯು ಹಳೆಯ ಕಾವ್ಯದಲ್ಲಿರುತ್ತದೆ. ಪ್ರಶ್ನೆಯನ್ನು ಅರಿಯದೆ ಉತ್ತರವನ್ನು ಮಾತ್ರ ಓದಿದವರು ಅರ್ಧ ಓದಿದವರೇ ಸರಿ.

ಈ ಕ್ರಮವು ಇಂದು ನಿನ್ನೆಯದೆಂದು ಯಾರೂ ಭಾವಿಸಬಾರದು. ಕ್ರಿಸ್ತಪೂರ್ವ 415ರಲ್ಲಿ ಯೂರಿಪಿಡೀಸನೆಂಬ ನಾಟಕಕಾರನು ಅಥೆನ್ಸಿನ ರಂಗಭೂಮಿಯಲ್ಲಿ, ಸೋತ ಟ್ರಾಯ್ ನಗರದ ಹೆಂಗಸರನ್ನೇ ಮುಂದೆ ನಿಲ್ಲಿಸಿ, ಗೆದ್ದ ಗ್ರೀಕರ ಮಕ್ಕಳಾದ ಪ್ರೇಕ್ಷಕರಿಗೆ ಅವರ ಗೋಳನ್ನು ಕೇಳಿಸಿದನು. ಮೂರು ವರ್ಷಗಳ ಮೇಲೆ ಅವನೇ ‘ಹೆಲೆನ್’ ಎಂಬ ನಾಟಕದಲ್ಲಿ, ಟ್ರಾಯ್ ನಗರಕ್ಕೆ ಹೋದವಳು ಹೆಲೆನಳ ಛಾಯೆ ಮಾತ್ರವೆಂದೂ, ನಿಜವಾದ ಹೆಲೆನಳು ಈಜಿಪ್ಟಿನಲ್ಲಿ ಪತಿವ್ರತೆಯಾಗಿದ್ದಳೆಂದೂ ತೋರಿಸಿದನು. ಅಧ್ಯಾತ್ಮರಾಮಾಯಣದ ಮಾಯಾಸೀತೆಯನ್ನು ಬಲ್ಲ ನಮ್ಮವರಿಗೆ ಇದು ಹೊಸದಾಗಿ ತೋರಲಾರದು. ರೋಮಿನ ಕವಿ ಓವಿಡನು ಎರಡು ಸಾವಿರ ವರ್ಷಗಳ ಹಿಂದೆಯೇ ಪೆನೆಲೊಪಿ, ಬ್ರಿಸೀಸ್ ಮೊದಲಾದವರು ತಮ್ಮ ಪುರುಷರಿಗೆ ಬರೆದ ಪತ್ರಗಳೆಂಬ ರೂಪದಲ್ಲಿ ಒಂದು ಕಾವ್ಯಮಾಲಿಕೆಯನ್ನು ರಚಿಸಿದ್ದನು.

ಅಷ್ಟೇ ಅಲ್ಲ, ಗ್ರೀಕ್ ಪುರಾಣವನ್ನು ತಿರುಗಿಸಿ ಹೇಳಿದ ಒಂದು ಬಹು ಪ್ರಾಚೀನ ಪ್ರಹಸನವು ನಮ್ಮ ದೇಶದ ಕಡಲತೀರದಲ್ಲಿಯೇ ನಡೆಯುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಸ್ಥಳದಲ್ಲಿ ದೊರೆತು 1903ರಲ್ಲಿ ಅಚ್ಚಾದ ಪಪೈರಸ್ ಹಾಳೆಗಳಲ್ಲಿ ಅದು ಉಳಿದುಬಂದಿದೆ. ಕ್ರಿಸ್ತಶಕ ಎರಡನೆಯ ಶತಮಾನದ ಲಿಪಿ. ಖಾರಿಟಿಯನ್ ಎಂಬ ಗ್ರೀಕ್ ಕನ್ಯೆಯು ಹಿಂದೂದೇಶದ ಅರಸನ ವಶದಲ್ಲಿ ಒಂದು ದೇವಾಲಯದಲ್ಲಿರುತ್ತಾಳೆ. ಅವಳ ಸಹೋದರನು ಸಂಗಡಿಗರೊಡನೆ ಬಂದು, ಅರಸನಿಗೂ ಅವನ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡುಹೋಗುತ್ತಾನೆ. ಇದು ಯೂರಿಪಿಡೀಸನ ‘ಇಫಿಜೀನಿಯಾ’ ಕಥೆಯ ಹಾಸ್ಯಾನುಕರಣ. ಅರಸನ ಕಡೆಯವರು ಆಡುವ ಮಾತುಗಳು ಗ್ರೀಕಲ್ಲ. ಅವು ಕನ್ನಡವೆಂದು ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ಸೂಚಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಎತ್ತಿಹಿಡಿದು ಬರೆದರು. ತುಳುವೆಂಬವರೂ, ಅರ್ಥವಿಲ್ಲದ ಹುಸಿನುಡಿಯೆಂಬವರೂ ಇದ್ದಾರೆ, ವಾದವು ಮುಗಿದಿಲ್ಲ. ಆದರೆ ಯವನರ ಕಥೆಯು ನಮ್ಮ ತೀರಕ್ಕೆ ಬಂದು ಬೇರೆ ವೇಷ ಹಾಕಿದ್ದು ಸಾವಿರದೆಂಟುನೂರು ವರ್ಷಗಳಷ್ಟು ಹಳೆಯ ಸಂಗತಿಯೆಂಬುದಂತೂ ನಿಜ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತಿಗೆ ಬರೋಣ. ಶ್ರೀರಂಗಪಟ್ಟಣದ ಸ್ಥಳಪುರಾಣವು ಅದನ್ನು ಗೌತಮ ಋಷಿಯ ತಪೋಭೂಮಿಯೆನ್ನುತ್ತದೆ. ಗೌತಮನ ಹೆಸರೆತ್ತಿದೊಡನೆ, ಮೋಸಕ್ಕೊಳಗಾಗಿಯೂ ಶಾಪವನ್ನು ತಾನೇ ಹೊತ್ತು ಕಲ್ಲಾದಳೆಂದು ಜನರು ಹೇಳುವ ಅವನ ಪತ್ನಿ ಅಹಲ್ಯೆಯು ನೆನಪಿಗೆ ಬರುತ್ತಾಳೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಜನಿಸಿದ ಪು. ತಿ. ನರಸಿಂಹಾಚಾರ್ಯರು ‘ಅಹಲ್ಯೆ’ ಎಂಬ ಗೀತನಾಟಕದಲ್ಲಿ ಆಕೆಯ ಮನಸ್ಸಿನೊಳಗಿನ ತೊಳಲಾಟಕ್ಕೆ ಹಾಡಿನ ರೂಪವನ್ನು ಕೊಟ್ಟರು. ಇದರ ಪಕ್ಕದಲ್ಲಿ ನ್ಯಾಟಲಿ ಹೇನ್ಸರ 2022ರ ‘ಸ್ಟೋನ್ ಬ್ಲೈಂಡ್’ ಎಂಬ ಕಾದಂಬರಿಯನ್ನಿಟ್ಟು ನೋಡಬಹುದು. ಅದರ ನಾಯಕಿ ಮೆಡೂಸಾ. ಓವಿಡನು ಹೇಳುವಂತೆ, ಸಮುದ್ರದೇವನಿಂದ ಬಲಾತ್ಕಾರಕ್ಕೊಳಗಾದವಳು. ಆದರೂ ದೇವತೆಯ ಕೋಪವು ತಿರುಗಿದ್ದು ಅವಳ ಮೇಲೆಯೇ. ಅಹಲ್ಯೆಯು ತಾನು ಕಲ್ಲಾದಳು. ಮೆಡೂಸಾಳು ನೋಡಿದವರನ್ನು ಕಲ್ಲಾಗಿಸಿದಳು. ಎರಡು ದೇಶಗಳ ಜನರೂ ಒಂದೇ ಅನ್ಯಾಯವನ್ನು ಕಲ್ಲಿನ ಮೂಲಕವೇ ನೆನೆದರೆಂಬುದು ಚಿಂತಿಸತಕ್ಕ ವಿಷಯ.

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದವರಾದ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಮಾಡಿದ ಕೆಲಸವು ಇನ್ನೂ ದೊಡ್ಡದು. ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದಲ್ಲಿ, ಸತ್ತ ಅಖಿಲೀಸನ ಆಯುಧಗಳು ತನಗೆ ದೊರೆಯಲಿಲ್ಲವೆಂದು ಕೆರಳಿದ ವೀರನು ರಾತ್ರಿಯಲ್ಲಿ ತನ್ನ ಪಕ್ಷದ ನಾಯಕರನ್ನೇ ಕೊಲ್ಲಹೊರಟು, ದೇವತೆಯು ಕವಿಸಿದ ಭ್ರಾಂತಿಯಿಂದ ದನಕುರಿಗಳನ್ನು ಕಡಿದು, ಬೆಳಗಾದ ಮೇಲೆ ನಾಚಿಕೆಯನ್ನು ತಾಳಲಾರದೆ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಶ್ರೀಕಂಠಯ್ಯನವರು ಇದನ್ನು ಓದಿ, ರಾತ್ರಿಯಲ್ಲಿ ಮಲಗಿದ್ದವರನ್ನು ಕೊಂದ ನಮ್ಮ ಅಶ್ವತ್ಥಾಮನನ್ನು ಕಂಡರು. 1929ರಲ್ಲಿ ‘ಅಶ್ವತ್ಥಾಮನ್’ ಪ್ರಕಟವಾಯಿತು. ವ್ಯಾಸಭಾರತದಲ್ಲಿ ಅಶ್ವತ್ಥಾಮನಿಗೆ ಮರಣವಿಲ್ಲ. ನಾಟಕದಲ್ಲಿ ಅವನು ಏಜಾಕ್ಸನಂತೆ ತನ್ನ ಕೈಯಿಂದಲೇ ಸಾಯುತ್ತಾನೆ. ಚಿರಂಜೀವಿಯನ್ನು ಸಾಯಿಸಬಹುದೆ ಎಂದು ವಿದ್ವಾಂಸರಲ್ಲಿ ಚರ್ಚೆಯೆದ್ದಿತು. ಇಂದು ನಮ್ಮ ಹೆಣ್ಣುಮಕ್ಕಳು ಇಂಗ್ಲಿಷ್ ಕಾದಂಬರಿಗಳನ್ನು ಓದಿ, “ಕಥೆಯನ್ನು ಹೀಗೆ ಬದಲಾಯಿಸಬಹುದೆ?” ಎಂದು ಕೇಳುವುದೂ ಇದೇ ಪ್ರಶ್ನೆ. ಶ್ರೀಕಂಠಯ್ಯನವರು ಕೊಟ್ಟ ಉತ್ತರವನ್ನು ನಾಟಕವೇ ಹೇಳುತ್ತದೆ: ಬದಲಾಯಿಸಬಹುದು, ಆದರೆ ಎರಡು ಪರಂಪರೆಗಳನ್ನೂ ಆಳವಾಗಿ ಬಲ್ಲವನು, ಕಾರಣವಿದ್ದಾಗ, ಬದಲಾಯಿಸಬೇಕು.

ನಮ್ಮ ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾಗಿದ್ದ ಎಸ್. ಎಲ್. ಭೈರಪ್ಪನವರ ‘ಪರ್ವ’ವು 1979ರಲ್ಲಿ ಪ್ರಕಟವಾಯಿತು, ಮಿಲ್ಲರರ ಮೊದಲ ಕಾದಂಬರಿಗಿಂತ ಮೂವತ್ತೆರಡು ವರ್ಷಗಳ ಹಿಂದೆ. ಅದರಲ್ಲಿ ವರವಿಲ್ಲ, ಶಾಪವಿಲ್ಲ. ಕುಂತಿಯೂ ದ್ರೌಪದಿಯೂ ತಂತಮ್ಮ ಬಾಳನ್ನು ತಾವೇ ನೆನೆದು ತೂಗಿ ನೋಡುತ್ತಾರೆ. ಆದುದರಿಂದ ‘ಸರ್ಸಿ’ಯನ್ನು ಮೆಚ್ಚಿದ ಮಗಳಿಗೆ ‘ಪರ್ವ’ವನ್ನೂ, ‘ಪರ್ವ’ವನ್ನು ಓದಿದ ತಾಯಿಗೆ ‘ಸರ್ಸಿ’ಯನ್ನೂ ಕೊಡಬಹುದು. ಒಂದೇ ಮನೆಯಲ್ಲಿ ಎರಡು ಪುಸ್ತಕಗಳು ಕೈ ಬದಲಾದರೆ ಊಟದ ಹೊತ್ತಿನ ಮಾತುಕತೆಗೆ ಕೊರತೆಯಿರದು.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳುವುದು ನ್ಯಾಯ. ಈ ಕಾದಂಬರಿಗಳಲ್ಲಿ ಕೆಲವು ಒಂದನ್ನೊಂದು ಬಹಳವಾಗಿ ಹೋಲುತ್ತವೆ. ಪ್ರಾಚೀನಕಾಲದ ಸ್ತ್ರೀಯು ನಮ್ಮ ಕಾಲದ ವಿಚಾರಗಳನ್ನೇ ನಮ್ಮ ಕಾಲದ ಮಾತಿನಲ್ಲಿಯೇ ಆಡುವುದನ್ನು ಕೇಳಿ, ಆ ಲೋಕವು ನಮ್ಮದರಿಂದ ಎಷ್ಟು ಬೇರೆಯಾಗಿತ್ತೆಂಬುದು ಮರೆತುಹೋಗಬಹುದು. ವೀರರನ್ನು ಕೆಳಗಿಳಿಸುವ ಆತುರದಲ್ಲಿ ಹೋಮರನ ಕರುಣೆಯೇ ಕಾಣದಂತಾಗುವುದೂ ಉಂಟು. ಇಲಿಯಡ್ಡಿನ ಕೊನೆಯಲ್ಲಿ ಮುದುಕನಾದ ಪ್ರಿಯಮನು ತನ್ನ ಮಗನನ್ನು ಕೊಂದವನ ಕೈಗಳಿಗೆ ಮುತ್ತಿಟ್ಟು ಹೆಣವನ್ನು ಬೇಡುವಾಗ, ಕೊಂದವನೂ ಬೇಡುವವನೂ ಒಟ್ಟಿಗೆ ಕುಳಿತು ಅಳುತ್ತಾರೆ. ಇದನ್ನು ಮೀರಿಸುವ ಪುಟವನ್ನು ಮೇಲೆ ಹೇಳಿದ ಯಾವ ಕಾದಂಬರಿಯಲ್ಲಿಯೂ ನಾವು ಕಾಣಲಿಲ್ಲ.

ಇನ್ನು ತಂದೆತಾಯಿಗಳಿಗೆ ಕೆಲವು ಸೂಚನೆಗಳು. ಅನ್ಯದೇವತೆಗಳ ಕಥೆಯೆಂಬ ಅಂಜಿಕೆಗೆ ಕಾರಣವಿಲ್ಲ; ಅಪೊಸ್ತಲನಾದ ಪೌಲನು ಅಥೆನ್ಸಿನ ಅರಿಯೊಪಾಗದಲ್ಲಿ ಮಾತನಾಡುವಾಗ ಗ್ರೀಕ್ ಕವಿಗಳ ಮಾತನ್ನೇ ಉದಾಹರಿಸಿದನೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ನಿಜವಾಗಿ ನೋಡಬೇಕಾದದ್ದು ವಯಸ್ಸು. ಹನ್ನೆರಡು ಹದಿಮೂರರ ಮಕ್ಕಳಿಗೆ ಮೂಲ ಪುರಾಣಗಳ ಸರಳವಾದ ಸಂಗ್ರಹಗಳೇ ಸಾಕು. ‘ಸರ್ಸಿ’ಯನ್ನು ಪ್ರೌಢಶಾಲೆಯ ಕೊನೆಯ ವರ್ಷಗಳಲ್ಲಿ, ತಾಯಿಯೂ ಓದಿರುವುದಾದರೆ, ಕೊಡಬಹುದು. ಬಾರ್ಕರರ ಗ್ರಂಥದಲ್ಲಿ ಯುದ್ಧದ ಸೆರೆಯಾಳುಗಳಿಗೆ ಆಗುವ ಹಿಂಸೆಯು ಮರೆಯಿಲ್ಲದೆ ಬಂದಿದೆ. ಅದನ್ನು ಕಾಲೇಜು ಸೇರಿದ ಮೇಲೆ ಓದುವುದು ಲೇಸು. ಬಚ್ಚಿಟ್ಟರೆ ಫಲವಿಲ್ಲ, ಪಕ್ಕದಲ್ಲಿ ಕುಳಿತು ಓದಿದರೆ ಫಲವುಂಟು.

ಓದುವ ಹುಡುಗಿಯರು ಪ್ರತಿ ಪುಸ್ತಕದ ಕೊನೆಯಲ್ಲಿ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಲಿ. ಹಳೆಯ ಕಾವ್ಯದಲ್ಲಿ ಈಕೆ ಎಷ್ಟು ಮಾತಾಡುತ್ತಾಳೆ, ಏನು ಹೇಳುತ್ತಾಳೆ? ಹೊಸ ಲೇಖಕಿಯು ಸೇರಿಸಿದ್ದು ಯಾವುದು, ಬಿಟ್ಟದ್ದು ಯಾವುದು, ಏತಕ್ಕೆ? ಹೊಸ ಕಥೆಯಲ್ಲಿಯೂ ಹೆಸರಿಲ್ಲದೆ ನೆಲ ತೊಳೆಯುತ್ತಿರುವವರು ಯಾರು? ಮೂರನೆಯ ಪ್ರಶ್ನೆಯೇ ಕಠಿಣವಾದದ್ದು. ರಾಣಿಯರಿಗೂ ದೇವಕನ್ಯೆಯರಿಗೂ ಬಾಯಿ ಬಂದಿತು. ಅವರ ಮನೆಯ ಆಳುಗಳಿಗೆ ಎಲ್ಲ ಪುಸ್ತಕಗಳಲ್ಲಿಯೂ ಬಂದಿಲ್ಲ.

ಬೆಟ್ಟದಿಂದ ಇಳಿಯುವಾಗ ಆ ಹುಡುಗಿಯು ನಿಷಾದಸ್ತ್ರೀಯ ಕಥೆಯು ಆದಿಪರ್ವದಲ್ಲಿ ಎಲ್ಲಿದೆಯೆಂದು ಕೇಳಿ ತಿಳಿದುಕೊಂಡಳು. ತಾಯಿಯು, “ಅದನ್ನು ನಾನೂ ಓದಿಲ್ಲ, ಇಬ್ಬರೂ ಓದೋಣ” ಎಂದರು. ಕಾದಂಬರಿಗಳನ್ನು ಓದಗೊಡಬಹುದೆ ಎಂಬ ಅವರ ಪ್ರಶ್ನೆಗೆ ನಮ್ಮ ಉತ್ತರದ ಉಳಿದರ್ಧವು ಆ ಮಾತಿನಲ್ಲಿಯೇ ಬಂದುಬಿಟ್ಟಿತು.